ಅಮಾಸಿ ಬ್ಯಾಕಪ್

ನವೆಂಬರ್ 24, 2025, ಸೋಮವಾರ

ಹೋದ ವರ್ಷ ಕಂಪನಿಯವರು ಏಜೆಂಟರಿಗೆ ಹಂಚಿ ಉಳಿದ ಡೈರಿ ಇದು. ಹಾಳಿಗೊಂದು ಮೆಣಸಿನಕಾಯಿ ಚಿತ್ರ ಐತಿ. ಯಾರ ಮುಂದೂ ಬಾಯಿಬಿಟ್ಟು ಹೇಳಾಕ ಆಗದ್ದನ್ನ ಇದರಾಗ ಬರದ್ರ ಹೊಟ್ಟ್ಯಾಗಿನ ಸಿಟ್ಟರ ಕಡಿಮಿ ಆದೀತು ಅಂತ ಕುಂತೀನಿ.

ನಮ್ಮ ಬೀಜದ ಕಂಪನೀನ ಹೈದರಾಬಾದಿನವರು ಕೊಂಡು ಆರು ತಿಂಗಳಾತು. ಇವತ್ತ ಮ್ಯಾನೇಜರ್ ಪ್ರವೀಣಕುಮಾರ ಸರ್ ಒಳಗ ಕರದು, ಕುಂದರ್ರಿ ಮೇಡಂ ಅಂತ ಕುರ್ಚಿ ತೋರಿಸಿದ್ರು. ಹದಿನಾಲ್ಕು ವರ್ಷದಾಗ ಅವರು ನನಗ ಕುಂದರ್ರಿ ಅಂದದ್ದು ಎರಡ ಸಲ. ಹಿಂದಿನ ಸಲ ನಮ್ಮಪ್ಪ ತೀರಿಕೊಂಡ ಸುದ್ದಿ ಹೇಳಾಕ ಅಂದಿದ್ರು. ಹಂಗಾಗಿ ಕುರ್ಚಿ ತುದಿಗೆ ಕುಂತೆ. ಹೈದರಾಬಾದಿನಿಂದ ಹುಕುಂ ಬಂದೈತಂತ. ಡೇಟಾಬೇಸ್ ನೋಡಿಕೊಳ್ಳಾವರ ಕಡೆ ಅದರ ಸರ್ಟಿಫಿಕೇಟ್ ಇರಬೇಕು. ಮಾರ್ಚ್ ಮೂವತ್ತೊಂದರೊಳಗ ನಾ ಪರೀಕ್ಷಾ ಪಾಸಾಗದಿದ್ರ ನನ್ನ ಕೆಲಸ ಹೈದರಾಬಾದಿನ ಮಂದಿ ಅಲ್ಲಿಂದನ ಮಾಡತಾರ, ನಾ ಗೇಟಿನ್ಯಾಗ ಕುಂತು ಲಾರಿ ನಂಬರ್ ಬರಕೋಬೇಕು.

ಎಂಟು ಸಾವಿರ ರೈತರ ಹೆಸರು, ಅವರ ಹೊಲ, ಯಾವ ಚೀಲದ ಬೀಜ ಯಾರ ಹೊಲದ್ದು, ಮೊಳಕಿ ನೂರಕ್ಕ ಎಷ್ಟು ಬಂತು, ಎಲ್ಲಾ ಕೂಡಿಸಿಟ್ಟ ಉಗ್ರಾಣ ಅದು. ಹಳೇ ರಿಜಿಸ್ಟರ್ ಮುಂದಿಟ್ಟುಕೊಂಡು ಒಂದೊಂದ ಸಾಲು ಟೈಪ್ ಹೊಡದು ಕಟ್ಟಿದಾಕಿ ನಾನು. ಈಗ ನನಗ ಆ ಕೆಲಸ ಬರತೈತಿ ಅಂತ ಯಾರೋ ಕಾಗದ ಕೊಡಬೇಕಂತ.

ಮನಿಗೆ ಬಂದ್ರ ಇನ್ನೊಂದು. ಇವರು ತಳಕಲ್ಲಿನಿಂದ ತಮ್ಮವ್ವನ್ನ ಕರಕೊಂಡು ಬರತಾರಂತ, ಎರಡು ತಿಂಗಳಿಗೆ. ಕಣ್ಣಿನ ಪೊರಿ ತಗಸಬೇಕು. ತಗಸ್ಲಿ, ಬ್ಯಾಡ ಅಂದವರ್ಯಾರು. ಆದ್ರ ಈಗನ?

ನವೆಂಬರ್ 28, ಶುಕ್ರವಾರ

ಪರೀಕ್ಷಾ ಫೀ ಇಪ್ಪತ್ತೊಂದು ಸಾವಿರದ ಮ್ಯಾಲ ಚಿಲ್ಲರ. ನನ್ನ ಪಗಾರದಾಗ ಬಾಡಿಗಿ ತಗದ್ರ ಉಳಿಯೂದು ಅಷ್ಟ. ಪಾಸಾದ್ರ ಕಂಪನಿ ತುಂಬಿಕೊಡತೈತಿ, ನಪಾಸಾದ್ರ ಹೋತು ಅಂತ ತಿಳಕೋಬೇಕು. ಪರೀಕ್ಷಾ ಹುಬ್ಬಳ್ಳ್ಯಾಗ, ಜನವರಿ ಹತ್ತಕ್ಕ.

ಹನ್ನೊಂದು ಪಾಠ ಅದಾವ. ಅರ್ಧ ನಾ ದಿನಾ ಮಾಡೂ ಕೆಲಸಾನ, ಅದಕ್ಕ ಇಂಗ್ಲಿಷಿನ್ಯಾಗ ಇಷ್ಟುದ್ದ ಹೆಸರು ಐತಿ ಅಂತ ಗೊತ್ತಿರಲಿಲ್ಲ. ಇನ್ನರ್ಧ ಕಣ್ಣಿಲೆ ಕಂಡಿಲ್ಲ. ನಾ ಬಿ.ಕಾಂ. ಮಾಡಿ ಟೈಪಿಂಗ್ ಕಲತು ಸೇರಿದಾಕಿ, ಮಾಡ್ತಾ ಮಾಡ್ತಾ ಕಲತೀನಿ. ಹದಿನಾಲ್ಕು ವರ್ಷದಾಗ ನನ್ನ ಕೈಯಾಗಿನ ಒಂದ ಸಾಲು ಕಳದಿಲ್ಲ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೇನು ಇವರಿಗೆ?

ಡಿಸೆಂಬರ್ 4, ಗುರುವಾರ

ಅತ್ತಿಯವರ ಎಡಗಣ್ಣಿನ ಆಪರೇಷನ್ ನಿನ್ನಿ ಆತು. ಕರೀ ಕನ್ನಡಕ ಹಾಕ್ಕೊಂಡು ಮಂಚದ ಮ್ಯಾಲ ಕುಂತಾರ. ಎರಡು ತಾಸಿಗೊಮ್ಮೆ ಹನಿ ಹಾಕಬೇಕು, ಹಾಕಿದ ಮ್ಯಾಲ ಐದು ನಿಮಿಷ ಕಣ್ಣು ಮುಚ್ಚಿ ಅಂಗಾತ ಮಲಗಬೇಕು. ಒಬ್ಬರು ಬಾಜೂಕ ಇರದಿದ್ರ ಅವರು ಕಣ್ಣು ತಿಕ್ಕೇ ತಿಕ್ಕತಾರ. ಇವರಿಗೆ ಹಿಟ್ನಾಳದಾಗ ಸಾಲಿ, ಡ್ರಾಯಿಂಗ್ ಮಾಸ್ತರಿಗೆ ಡಿಸೆಂಬರ್‌ನ್ಯಾಗ ರಜಾ ಇಲ್ಲಂತ. ಮಗಳು ಅಮೃತಾ ಧಾರವಾಡದ ಹಾಸ್ಟೆಲ್ಲಿನ್ಯಾಗ ಅದಾಳ. ಹಂಗಾಗಿ ವಾರದ ರಜಾ ನನಗ. ಆಮ್ಯಾಲ ದಿನಕ್ಕ ನಾಕ ಸಲ ಹಾಕಿದ್ರ ಸಾಕು ಅಂದಾರ ಡಾಕ್ಟರು.

ನಮ್ಮತ್ತಿ ಬಸವಣ್ಣೆಮ್ಮ ಅಂದ್ರ ತಳಕಲ್ಲಿನ್ಯಾಗ ಅಂಜದವರಿಲ್ಲ. ಕಣ್ಣು ಕಟ್ಟಿದ್ರೂ ಉಪ್ಪಿನ ಡಬ್ಬಿ ಜಾಗಾ ಬದಲಾದದ್ದು ಗೊತ್ತಾಗತೈತಿ ಅವರಿಗೆ. ಹದಿನಾರು ವರ್ಷದಾಗ ನನ್ನ ರೊಟ್ಟಿಗೆ ಒಮ್ಮೆನೂ ಛಲೋ ಅಂದಿಲ್ಲ. ಇವತ್ತು ಒಂದ ಪಾಠಾನೂ ಓದಾಕ ಆಗಲಿಲ್ಲ. ಎರಡು ತಾಸಿಗೊಮ್ಮೆ ಎದ್ದು ಎದ್ದು ತಲಿ ಕೆಟ್ಟು ಹೋಗೈತಿ.

ಡಿಸೆಂಬರ್ 7, ರವಿವಾರ

ಹನಿ ಹಾಕಿ ಮಂಚದ ತುದಿಗೆ ಕುಂತು ಪ್ರಿಂಟ್ ನೋಡಾಕ ಹತ್ತಿದ್ದೆ. ಹಾಳಿ ಸಪ್ಪಳ ಕೇಳಿ, ಏನ್ ಓದಾಕ ಹತ್ತೀದಿ ಅಂದ್ರು. ಪರೀಕ್ಷಾದ್ದು ಅಂದೆ. ಜೋರ್ಲೆ ಓದು, ಕತ್ತಲ್ಯಾಗ ಬಿದ್ದು ಬಿದ್ದು ಬ್ಯಾಸರಾಗೈತಿ ಅಂದ್ರು. ಇಂಗ್ಲಿಷಿನ್ಯಾಗ ಐತ್ರಿ ಅತ್ತಿ ಅಂದ್ರ, ನೀ ಕನ್ನಡದಾಗ ಹೇಳು, ಇಂಗ್ಲಿಷ್ ಬರದವರಿಗೆ ತಿಳಿಸಾಕ ಬರದಿದ್ರ ನಿನಗರ ಏನ್ ಬಂದಂಗಾತು ಅಂದ್ರು.

ಸಿಟ್ಟಿಲೆ ಹೇಳಿದೆ. ಒಂದ ಪ್ಯಾರಾ ಹೇಳೂದ್ರಾಗ ನನಗ ತಿಳದಿಲ್ಲ ಅನ್ನೂದು ನನಗ ಗೊತ್ತಾತು. ಹೊಳ್ಳಿ ಓದಿದೆ. ಐದು ನಿಮಿಷ ಹೋಗಿ ಇಪ್ಪತ್ತಾಗಿತ್ತು.

ಡಿಸೆಂಬರ್ 12, ಶುಕ್ರವಾರ

ಇವತ್ತಿನ ಪಾಠ ಲಾಕಿಂಗ್. ಇಬ್ಬರು ಒಂದ ಸಾಲು ತಿದ್ದಾಕ ಬಂದ್ರ ಡೇಟಾಬೇಸ್ ಏನ್ ಮಾಡತೈತಿ ಅನ್ನೂದು. ಹೆಂಗ ಹೇಳಬೇಕು ಅಂತ ನಾ ತಡವರಿಸಾಕ ಹತ್ತಿದ್ರ ಅತ್ತಿಯವರು ಕಣ್ಣು ಮುಚ್ಚಿಕೊಂಡನ ಹೇಳಿದ್ರು. ಅವರು ನಮ್ಮ ಕಂಪನಿಗೇ ವರ್ಷಾನುಗಟ್ಟಲೆ ಬೆಂಡಿ ಬೀಜ ಬೆಳದು ಕೊಟ್ಟವರು. ಒಂದು ಹೂವಿನ ಪುಡಿ ಇನ್ನೊಂದಕ್ಕ ಮುಟ್ಟಿಸಿ ಹೂವಿಗೆ ಹೂವು ಕೂಡಿಸೂ ಕೆಲಸಕ್ಕ ಹೆಣ್ಣಾಳು ಇಳಿಸಿದಾಗ ಸಾಲಿಗೊಬ್ಬಾಕಿನ ಬಿಡತಾರ. ಆಕಿ ಮುಗಿಸಿ ಹೊರಗ ಬರೂತನ ಇನ್ನೊಬ್ಬಾಕಿ ಬದುವಿನ ಮ್ಯಾಲ ನಿಂದರಬೇಕು. ಇಬ್ಬರೂ ಇಳದ್ರ ಒಂದ ಹೂವಿಗೆ ಎರಡ ಸಲ ಮುಟ್ಟಿಸ್ತಾರ, ಬಾಜೂದ್ದು ಹಂಗ ಉಳೀತೈತಿ.

ಅದ ಅತ್ತಿ ಅದ, ಅಷ್ಟ ಐತಿ ನೋಡ್ರಿ ಅಂತ ನಾ ಕೂಗಿಬಿಟ್ಟೆ. ಹಾಂಗಾದ್ರ ಇದಕ್ಯಾಕ ಇಪ್ಪತ್ತೊಂದು ಸಾವಿರ ಅಂದ್ರು. ಭಾಳ ದಿನದ ಮ್ಯಾಲ ಹೊಟ್ಟಿ ಹಿಡಕೊಂಡು ನಕ್ಕೆ. ಇವರು ಅಡಿಗಿಮನಿಯಿಂದ ಓಡಿ ಬಂದು ಬಾಗಲದಾಗ ನಿಂತು ನೋಡಿದ್ರು.

ಡಿಸೆಂಬರ್ 19, ಶುಕ್ರವಾರ, ಎಳ್ಳಮಾಸಿ

ಊರ ಮಂದಿ ಎಲ್ಲಾ ಭೂಮಿತಾಯಿಗೆ ಎಡಿ ಮಾಡಿ ಹೊಲಕ್ಕ ಚರಗ ಚೆಲ್ಲಾಕ ಹೋದ್ರು, ನಾ ಪ್ಲಾಂಟಿಗೆ ಹೋದೆ. ಪ್ರತಿ ಅಮಾಸಿಗೂ ನಮ್ಮಲ್ಲಿ ಮಷೀನು ನಿಲ್ಲಿಸಿ ಪೂಜಾ ಮಾಡತಾರ. ಬೀಜ ಸ್ವಚ್ಛ ಮಾಡೂ ಮಷೀನು, ತೂಕದ ಕಾಟಾ, ಜನರೇಟರ್, ಕಡೀಕ ನನ್ನ ಸರ್ವರಿಗೂ ಒಂದು ಹೂವು, ಬಟ್ಟು ಕುಂಕುಮ. ಕಾಯಿ ಒಡಿಯೂದು ಎಲೆಕ್ಟ್ರಿಷಿಯನ್ ಮಕ್ಬುಲಸಾಬ್ರು. ಕರೆಂಟಿನ ಜೋಡಿ ಬಾಳೇ ಮಾಡಾವ ನೀನು, ನೀನ ಒಡಿ ಅಂತ ಹಿಂದಿನ ಮಾಲಕರು ಒಮ್ಮೆ ಅಂದಿದ್ರಂತ, ಆವತ್ತಿಂದ ಅದು ಅವರ ಹಕ್ಕು. ಆರಕ್ಕ ಮೇನ್ ಸ್ವಿಚ್ ಇಳಿಸಿ, ಒಂದು ರಾತ್ರಿ ಎಲ್ಲಾ ಮಷೀನಿಗೂ ಆರಾಮ ಸಿಗಲಿ ಅಂತ ಕೈ ಮುಗದು ಮನಿಗೆ ಹೋಗತಾರ.

ಪೂರ್ತಿ ಬ್ಯಾಕಪ್ ನಾ ಅಮಾಸಿಗೇ ಇಟ್ಟೀನಿ. ಆವತ್ತು ಸಂಜಿಮುಂದ ಯಾರೂ ಹೊಸಾದು ಹೊಡಿಯಂಗಿಲ್ಲ. ದಿನಾ ಬದಲಾದದ್ದಷ್ಟ ನಕಲಾಗತೈತಿ, ತಿಂಗಳಿಗೊಮ್ಮೆ ಇಡೀ ಉಗ್ರಾಣದ ನಕಲು ಬ್ಯಾರೆ ಡಿಸ್ಕಿಗೆ ಹೋಗತೈತಿ. ಸರ್ವರ್ ಸುಟ್ಟು ಬೂದಿ ಆದ್ರೂ ಆ ಡಿಸ್ಕಿನಿಂದ ಎಲ್ಲಾ ಹೊಳ್ಳಿ ಕಟ್ಟಬಹುದು. ನಾಕೂವರಿಗೆ ಚಾಲೂ ಮಾಡಿ ಎಳ್ಳಹೋಳಿಗಿ ತಿಂದು ಬಂದೆ. ಇಂಥಾ ಯುಕ್ತಿ ಯಾವ ಪುಸ್ತಕದಾಗೂ ಬರದಿಲ್ಲ.

ಜನವರಿ 3, 2026, ಶನಿವಾರ

ಏನೂ ತಲಿಗೆ ಹತ್ತವಲ್ದು. ಅತ್ತಿಯವರು ಬಿಡವಲ್ರು, ನಿನ್ನಿ ಹೇಳಿದ್ದನ್ನ ಇವತ್ತ ಕೇಳತಾರ. ಬಾಜೂಮನಿಯವರ ಮುಂದ ನಮ್ಮ ಸೊಸಿ ಪರೀಕ್ಷಾಕ್ಕ ಕುಂದರತಾಳ ಅಂತ ಹೇಳ್ಯಾರ. ಈಗ ಓಣಿಗೆಲ್ಲಾ ಗೊತ್ತು.

ಜನವರಿ 10, ಶನಿವಾರ

ಅರವತ್ತೈದು ಬೇಕಿತ್ತು. ಐವತ್ತೊಂಬತ್ತು ಬಂತು.

ಪರೀಕ್ಷಾದಾಗ ನನ್ನ ಎಡಕ್ಕ ಬಲಕ್ಕ ಅಮೃತಾನ ವಯಸ್ಸಿಗಿಂತ ನಾಕೈದು ವರ್ಷ ದೊಡ್ಡ ಹುಡುಗರು. ನಾ ಒಂದ ಪ್ರಶ್ನಿ ಎರಡೆರಡ ಸಲ ಓದೂದ್ರಾಗ ಅವರು ಎದ್ದು ಹೋದ್ರು. ಕಡೀಗೆ ಒತ್ತಿದ ಕೂಡ್ಲೆ ಪರದಾ ಮ್ಯಾಲ ಬಂತು. ಗದಗದ ತನಕ ರೈಲಿನ್ಯಾಗ ನಿಂತ ಬಂದೆ, ಕುಂದರಾಕ ಜಾಗಾ ಇದ್ರೂ ಕುಂದರಬೇಕು ಅನಸಲಿಲ್ಲ.

ಮನ್ಯಾಗ ಅತ್ತಿಯವರು ರೊಟ್ಟಿ ಬಡದಿಟ್ಟಿದ್ರು, ಕರೀ ಕನ್ನಡಕ ಹಾಕ್ಕೊಂಡು. ಒಲಿ ಮುಂದ ಹೋಗಬ್ಯಾಡ್ರಿ ಅಂತ ಡಾಕ್ಟರು ಹೇಳ್ಯಾರ. ಬೈದೆ. ಭಾಳ ಬೈದೆ. ಅವರು ತಾಟು ಮುಂದ ಸರಿಸಿದ್ರು. ರೊಟ್ಟಿ ಒಂದು ಕಡೆ ಸುಟ್ಟಿತ್ತು. ಎರಡೂ ತಿಂದೆ.

ಜನವರಿ 11, ರವಿವಾರ

ಏನೂ ಬರಿಯಂಗಿಲ್ಲ.

ಜನವರಿ 14, ಬುಧವಾರ

ಇವತ್ತ ಹನಿ ಹಾಕುಮುಂದ ಬಾಯಿಗೆ ಬಂದದ್ದೆಲ್ಲಾ ಅಂದುಬಿಟ್ಟೆ. ಐವತ್ತೊಂಬತ್ತು ಬಂದಾಕಿನೂ ನಾನ, ಅರವತ್ತೈದು ಬಂದ್ರೂ ನಾನ. ಆರು ನಂಬರಿನಾಗ ನನ್ನ ಕೈ ಬದಲಾಗತಿತ್ತೇನು? ಕಾಗದಕ್ಕ ಮಂದಿ ಯಾಕ ಇಷ್ಟ ಬೆಲಿ ಕೊಡತಾರ?

ಅತ್ತಿಯವರು ಕಣ್ಣು ಮುಚ್ಚಿ ಮಲಕೊಂಡು ಅವರ ಮೊದಲನೇ ವರ್ಷದ ಬೆಂಡಿ ಮಾತು ತಗದ್ರು. ಹೂವು ಕೂಡಿಸಿದ ಮ್ಯಾಲ ಅದರ ತೊಟ್ಟಿಗೆ ಕೆಂಪು ದಾರಾ ಕಟ್ಟಬೇಕು. ಕಾಯಿ ಬಲತಾಗ ದಾರಾ ಇದ್ದದ್ದಷ್ಟ ಕಂಪನಿಯವರು ತಗೋತಾರ. ಆ ವರ್ಷ ಅವರು ಕಟ್ಟಿದ ದಾರಾ ಸಡ್ಲಾಗಿ ನಲವತ್ತು ಕಾಯಿದು ಬಿದ್ದು ಹೋಗಿತ್ತು. ಕೈಯಾರೆ ಕೂಡಿಸಿದ್ದು, ಖರೆ. ಸೂಪರ್‌ವೈಜರ್ ನಲವತ್ತೂ ತಗದು ಬದುವಿಗೆ ಒಗದ್ನಂತ. ಅತ್ತಿಯವರು ಅಲ್ಲೇ ಕುಂತು ಅತ್ತಿದ್ರಂತ. ಅವರು ಅತ್ತದ್ದನ್ನ ನಾ ಇವತ್ತಿನತನ ಕೇಳಿದ್ದಿಲ್ಲ.

"ಕಾಯಿ ಅದ ಇತ್ತು ಯವ್ವಾ," ಅಂದ್ರು. "ಆದ್ರ ಕೊಳ್ಳಾವಗ ಹೆಂಗ ಗೊತ್ತಾಗಬೇಕು? ದಾರಾ ಕಟ್ಟೂದೂ ಕೆಲಸದಾಗ ಬಂತು. ಮುಂದಿನ ವರ್ಷದಿಂದ ಎರಡೆರಡು ಗಂಟು ಹಾಕಿದೆ."

ಹನಿ ಕಿವೀತನ ಇಳದಿತ್ತು. ಸೆರಗಿಲೆ ಒರಸಿದೆ.

ಜನವರಿ 18, ರವಿವಾರ, ಅಮಾಸಿ

ಪೂಜಾ ಮುಗಿಸಿ, ಬ್ಯಾಕಪ್ ಹಚ್ಚಿ ಐದಕ್ಕ ಬಂದೆ. ಅತ್ತೆವ್ವಗ ಹನಿ ಹಾಕಿ ಇವತ್ತಿನ ಕೆಲಸಾನ ಪಾಠ ಮಾಡಿ ಹೇಳಿದೆ, ನಕಲು ಹೆಂಗ ತಗಿತಾರ, ಎಲ್ಲಿ ಇಡತಾರ. ಪೂರಾ ಕೇಳಿ ಅಂದ್ಲು, "ನಕಲು ಇಟ್ಟೀದಿ, ಖರೆ. ಅದರ ಮೊಳಕಿ ನೋಡೀದೇನು?"

ಮೊಳಕಿ ಅಂದ್ರ ಏನವ್ವ ಅಂದೆ. ನಮ್ಮ ಬೀಜ ಚೀಲ ತುಂಬೈತಿ ಅಂತ ನಿಮ್ಮ ಕಂಪನಿಯವರು ಎಂದರ ರೊಕ್ಕ ಕೊಟ್ಟಾರೇನು ಅಂತ ಅಕಿನ ಕೇಳಿದ್ಲು. ನೂರು ಬೀಜ ಎಣಿಸಿ ಒದ್ದಿ ಕಾಗದದಾಗ ಸುತ್ತಿಟ್ಟು, ಎಷ್ಟು ಮೊಳಕಿ ಬಂತು ಅಂತ ನೋಡಿದ ಮ್ಯಾಲ ಕೊಡತಿದ್ರು. ನಿನ್ನ ಡಬ್ಬಿ ತುಂಬಿದ್ದು ಕಂಡೀದಿ, ಬಿತ್ತಿ ನೋಡೀದೇನು?

ನೋಡಿಲ್ಲ. ಹೊಸಾದಾಗಿ ಸೇರಿದಾಗ ಒಂದೆರಡ ಸಲ ನೋಡಿದ್ದೆ. ಆಮ್ಯಾಲ ಫೈಲಿನ ತಾರೀಖು ನೋಡೂದು, ಡಿಸ್ಕ್ ಕಪಾಟಿನ್ಯಾಗ ಇಡೂದು. ಏಳನೇ ಪಾಠದಾಗೂ ಆ ಮಾತು ಐತಿ, ಒಂದ ಸಾಲು. ಇದು ಗೊತ್ತಿದ್ದದ್ದ ಬಿಡು ಅಂತ ದಾಟಿ ಹೋಗಿದ್ದೆ.

ಜನವರಿ 20, ಮಂಗಳವಾರ

ಊಟ ಬಿಟ್ಟು ಮೊದಲು ಇದನ್ನ ಬರಿಯಾಕ ಕುಂತೀನಿ.

ಹಳೇ ಕಂಪ್ಯೂಟರೊಂದು ಖಾಲಿ ಇತ್ತು. ಮೊನ್ನಿ ಅಮಾಸಿ ಬ್ಯಾಕಪ್ ಅದರಾಗ ಬಿಚ್ಚಿದೆ. ಕೊಪ್ಪಳ ತಾಲೂಕು ಬಂತು, ಗಂಗಾವತಿ ಬಂತು, ಕುಷ್ಟಗಿ ನಡುವ ನಿಂತುಬಿಡ್ತು. ತಳಕಲ್ ಅಂತ ಹೊಡದು ಅವ್ವನ ಹೆಸರು ಹುಡುಕಿದೆ. ಇಲ್ಲ. ಯಲಬುರ್ಗಾ ತಾಲೂಕ ಇಲ್ಲ. ಎಳ್ಳಮಾಸೀದು ಬಿಚ್ಚಿದೆ, ಅದೂ ಅಷ್ಟ. ಹಿಂದ ಹಿಂದ ಹೋದೆ. ಹದಿನೈದು ತಿಂಗಳಿಂದ ಒಂದೂ ಪೂರ್ತಿ ಇಲ್ಲ.

ಮಧ್ಯಾಹ್ನಕ್ಕ ತಿಳೀತು. ಮೊದಲು ನಕಲಿಗೆ ಒಂದೂವರಿ ತಾಸು ಸಾಕಾಗತಿತ್ತು. ಹೋದ ವರ್ಷದ ಹಿಂದ ರೈತರ ಹೊಲದ ಫೋಟೋ ಸೇರಿಸಿದ್ವಿ, ಗಾತ್ರ ಬೆಳದು ಮೂರು ತಾಸಿನ ಮ್ಯಾಲ ಬೇಕಾತು. ನಾಕೂವರಿಗೆ ನಾ ಹಚ್ಚಿ ಬರತೀನಿ, ಆರಕ್ಕ ಮಕ್ಬುಲಸಾಬ್ರು ಸ್ವಿಚ್ ಇಳಸತಾರ. ಯುಪಿಎಸ್ ಮುಕ್ಕಾಲು ತಾಸು ತಡದು, ಆಮ್ಯಾಲ ಸರ್ವರ್ ತಾನ ಮಲಗತೈತಿ. ನಕಲು ಅರ್ಧಕ್ಕ ನಿಂತಿರತೈತಿ. ಫೈಲು ಇರತೈತಿ, ತಾರೀಖು ಸರಿ ಇರತೈತಿ, ನಾ ಕಪಾಟಿಗೆ ಕೀಲಿ ಹಾಕತಿದ್ದೆ. ಈ ಹದಿನೈದು ತಿಂಗಳದಾಗ ಸರ್ವರ್ ಒಂದ ಸಲ ಕೆಟ್ಟಿದ್ರ ಬುಡಕ್ಕ ಪೂರ್ತಿ ನಕಲು ಇಲ್ಲದ ದಿನದಿನದ ನಕಲೂ ಕೆಲಸಕ್ಕ ಬರತಿರಲಿಲ್ಲ, ಎಂಟು ಸಾವಿರ ರೈತರ ಬೀಜ ಯಾರದು ಅಂತ ಹೇಳಾಕ ಯಾರಿಗೂ ಬರತಿರಲಿಲ್ಲ.

ಮಕ್ಬುಲಸಾಬ್ರ ತಪ್ಪಲ್ಲ. ಅಮಾಸಿಗೆ ಇಟ್ಟಾಕಿ ನಾನು. ಇಂಥಾ ಯುಕ್ತಿ ಯಾವ ಪುಸ್ತಕದಾಗೂ ಬರದಿಲ್ಲ ಅಂತ ಬರದಾಕಿನೂ ನಾನ.

ಈಗ ಇದನ್ನ ಸರ್‌ಗೆ ಹೇಳಿದ್ರ ಮಾರ್ಚ್ ತನ ಯಾಕ, ನಾಳಿನ ಗೇಟಿಗೆ ಕಳಸಬಹುದು. ಹೇಳದ ಸರಿ ಮಾಡಿದ್ರ ಯಾರಿಗೂ ತಿಳಿಯಂಗಿಲ್ಲ. ಇವರ ಮುಂದ ಹೇಳಿದೆ, ನಿನಗ ಹೆಂಗ ಅನಸತೈತಿ ಹಂಗ ಮಾಡು ಅಂದ್ರು. ಅವ್ವಗ ಇನ್ನೂ ಹೇಳಿರಲಿಲ್ಲ. ಹನಿ ಹಾಕುಮುಂದ ತಾನ ಕೇಳಿದ್ಲು, ಎಷ್ಟು ಬಂತು ಮೊಳಕಿ? ಅರ್ಧಾನೂ ಇಲ್ಲವ್ವ ಅಂದೆ. ಅಕಿ ನನ್ನ ಕೈ ಹುಡುಕಿ ಹಿಡಕೊಂಡ್ಲು. ಚೀಲ ಒಡದು ಹೇಳಿಬಿಡು, ಮುಚ್ಚಿಟ್ಟು ಕೊಟ್ಟ ಬೀಜ ಬಿತ್ತಿದವರ ಹೊಲದಾಗ ಗೊತ್ತಾಗೇ ಗೊತ್ತಾಗತೈತಿ ಅಂದ್ಲು.

ಜನವರಿ 21, ಬುಧವಾರ

ಹೇಳಿದೆ. ಈ ಸಲ ಸರ್ ಕುಂದರ್ರಿ ಅನ್ನಲಿಲ್ಲ, ನಿಂತ ಹೇಳಿದೆ. ರಾತ್ರಿನ ಪೂರ್ತಿ ನಕಲು ಹೊಸಾದಾಗಿ ತಗದು, ಬಿಚ್ಚಿ ನೋಡೀನಿ, ಈಗ ಎಲ್ಲಾ ಐತಿ ಅಂತನೂ ಹೇಳಿದೆ. ಅವರು ನಾ ಬರದು ತಂದ ಹಾಳಿ ಇಸಗೊಂಡು ಓದಿದ್ರು.

"ನೀವು ಹೇಳದಿದ್ರ ಯಾರಿಗೂ ಗೊತ್ತಾಗತಿರಲಿಲ್ಲ," ಅಂದ್ರು.

"ಸರ್ವರ್ ಕೆಟ್ಟ ದಿನ ಎಲ್ಲಾರಿಗೂ ಗೊತ್ತಾಗತಿತ್ತು ಸರ್," ಅಂದೆ.

ನಾ ಬರದು ಕೊಟ್ಟದ್ದನ್ನ ಹಂಗ ಹೈದರಾಬಾದಿಗೆ ಕಳಿಸ್ಯಾರ. ಹೊರಗ ಬಂದು ಹೆಣ್ಮಕ್ಕಳ ಬಾತ್‌ರೂಮಿನ್ಯಾಗ ನಳ ಬಿಟ್ಟು ಅತ್ತೆ. ಹಗರಾತು.

ಜನವರಿ 29, ಗುರುವಾರ

ಹೈದರಾಬಾದಿನಿಂದ ಉತ್ತರ ಬಂತು, ಎರಡ ಸಾಲು. ತಪ್ಪು ದಾಖಲಾಗೈತಿ, ಹಿಡದವರು ತಾವ ಹೇಳ್ಯಾರ ಅನ್ನೂದೂ ದಾಖಲಾಗೈತಿ. ಮಾರ್ಚ್ ಮೂವತ್ತೊಂದು ಬದಲಾಗಿಲ್ಲ. ಅಂದ್ರ ಇನ್ನೊಂದ ಸಲ ಕುಂದರಾಕ ಬಿಟ್ಟಾರ.

ಇವರು ಹೊಸಾ ಗಾಡಿಗಂತ ಕೂಡಿಸಿಟ್ಟ ರೊಕ್ಕ ತಂದು ಫೀ ತುಂಬಿದ್ರು. ಹಳೇ ಗಾಡಿ ಹಿಟ್ನಾಳಕ್ಕ ಹೋಗಿ ಬರಾಕ ಸಾಕು ಅಂದ್ರು. ಮಕ್ಬುಲಸಾಬ್ರಿಗೆ ಸುದ್ದಿ ತಿಳಿದು ಎರಡು ದಿನ ಮಾರಿ ಕೊಟ್ಟು ಮಾತಾಡಿರಲಿಲ್ಲ, ತಮ್ಮ ಕೈಯಿಂದನ ಆತು ಅಂತ. ನಾನ ಚಾ ತಗೊಂಡು ಹೋಗಿ ಮಾತಾಡಿಸಿದೆ. ಇನ್ನ ಮ್ಯಾಲ ನೀವು ಆತು ಅಂದಮ್ಯಾಲನ ಇಳಸತೀನ್ರಿ ಮೇಡಂ ಅಂದ್ರು.

ಫೆಬ್ರುವರಿ 6, ಶುಕ್ರವಾರ

ಅವ್ವನ ಹನಿ ನಿಂತು ವಾರಾತು. ಪಾಠ ನಿಂತಿಲ್ಲ. ಮುಂಜಾನೆ ರೊಟ್ಟಿ ಬಡಿಯುಮುಂದ ಕೇಳತಾಳ, ನಾ ಹೇಳತೀನಿ. ಇವತ್ತ ಗಂಡು ಹೂ ಹೆಣ್ಣು ಹೂ ಕೂಡಿಸಿದಂಗ ಎರಡು ಪಟ್ಟಿ ಕೂಡಿಸೂದು ಹೇಳಿದೆ. ಏಳನೇ ಪಾಠ ಮೂರು ಸಲ ಓದೀನಿ. ಛಲೋ ಬರದಾರ, ಬರದವರು ಎಲ್ಲೋ ಪೆಟ್ಟು ತಿಂದವರ ಇರಬೇಕು.

ಫೆಬ್ರುವರಿ 14, ಶನಿವಾರ

ಎಪ್ಪತ್ನಾಕು!

ಹುಬ್ಬಳ್ಳಿ ಸ್ಟೇಷನ್‌ನಿಂದ ಅವ್ವಗ ಫೋನ್ ಮಾಡಿದೆ. ಗಂಟು ಗಟ್ಟಿ ಐತೇನು ಅಂದ್ಲು. ಗಟ್ಟಿ ಐತಿ ಅಂದೆ. ಹಂಗಾದ್ರ ಲಗೂ ಬಾ, ರೊಟ್ಟಿ ಆರತಾವ ಅಂದ್ಲು. ರೈಲಿನ್ಯಾಗ ಕಿಟಕಿ ಕಡೆ ಕುಂತ ಬಂದೆ.

ಫೆಬ್ರುವರಿ 16, ಸೋಮವಾರ

ಸರ್ಟಿಫಿಕೇಟ್ ಇ-ಮೇಲಿನ್ಯಾಗ ಬಂತು. ಎರಡು ಪ್ರಿಂಟ್ ತಗಿ ಅಂದ್ಲು ಅವ್ವ. ನನ್ನ ಹೆಸರು ಎಲ್ಲೈತಿ ಅಂತ ಕೇಳಿ, ಅದರ ಮ್ಯಾಲ ಬೆರಳಿಟ್ಟು, ಹೊಸಾ ಕಣ್ಣಿಲೆ ಸಮೀಪ ಹಿಡದು ನೋಡಿದ್ಲು. ಒಂದನ್ನ ಮಡಚಿ ತನ್ನ ಚೀಲದಾಗ ಸೀರಿ ನಡುವ ಇಟ್ಟುಕೊಂಡ್ಲು. ನಿನಗ್ಯಾಕ ಅಂದ್ರ, ಸೂಪರ್‌ವೈಜರ್ ಕೇಳಿದ್ರ ತೋರಸಾಕ ಅಂದ್ಲು.

ಮಧ್ಯಾಹ್ನದ ಬಸ್ಸಿಗೆ ತಳಕಲ್ಲಿಗೆ ಹೋದ್ಲು. ಇನ್ನೂ ನಾಕು ದಿನ ಇರು ಅಂದೆ, ಕೇಳಲಿಲ್ಲ. ಮನಿ ಖಾಲಿ ಅನಸಾಕ ಹತ್ತೈತಿ. ಉಪ್ಪಿನ ಡಬ್ಬಿ ಅಕಿ ಇಟ್ಟ ಜಾಗಾದಾಗನ ಐತಿ, ತಗದಿಲ್ಲ.

ಫೆಬ್ರುವರಿ 17, ಮಂಗಳವಾರ, ಅಮಾಸಿ

ಮಧ್ಯಾಹ್ನನ ಬ್ಯಾಕಪ್ ಹಚ್ಚಿದೆ. ನಾಕಕ್ಕ ಪೂಜಾ ಆತು. ಆರಾತು, ಮಕ್ಬುಲಸಾಬ್ರು ಸ್ವಿಚ್ ಬಾಜೂಕ ಸ್ಟೂಲ್ ಹಾಕ್ಕೊಂಡು ಕುಂತ್ರು. ನಾ ನಕಲನ್ನ ಹಳೇ ಕಂಪ್ಯೂಟರಿನ್ಯಾಗ ಬಿಚ್ಚಾಕ ಹತ್ತಿದ್ದೆ. ಏಳಕ್ಕ ಫೋನ್ ಬಂತು.

"ಮೊಳಕಿ ಬಂತೇನು ಯವ್ವಾ?"

ತಡಿಯವ್ವ ಅಂತ ಯಲಬುರ್ಗಾ, ತಳಕಲ್, ಬಸವಣ್ಣೆಮ್ಮ ಅಂತ ಹೊಡದೆ. ಹಳೇ ರಿಜಿಸ್ಟರಿನಿಂದ ನಾನ ಹೊಡದ ಸಾಲು, ಬಂತು. ಓದಿ ಹೇಳಿದೆ: ಬೆಂಡಿ, ಹತ್ತು ಗುಂಟೆ, ಮೊಳಕಿ ಎಂಬತ್ತಾರು.

ಅದು ನಲವತ್ತು ಕಾಯಿ ಒಗದ ವರ್ಷದ್ದು, ಮುಂದಿನ ವರ್ಷ ನಂದು ತೊಂಬತ್ತೆರಡು ಬಂದಿತ್ತು, ಛಲೋತ್ನಂಗ ನೋಡು ಅಂದ್ಲು ಅವ್ವ.

ಕೆಳಗ ನೋಡಿದೆ. ಇತ್ತು. ತೊಂಬತ್ತೆರಡು.

ಐತವ್ವ, ಹಂಗ ಐತಿ ಅಂದೆ. ಆಮ್ಯಾಲ ಮಕ್ಬುಲಸಾಬ್ರಿಗೆ, ಇನ್ನ ಇಳಸ್ರಿ ಅಂದೆ.